ಪಿಎಚ್‌ಪಿಗೆ ಜಿಡಿ ಸೇರಿಸೋಕೆ ಹೋಗಿ ನಿದ್ದೆ ಹೋಯ್ತು

ನಿನ್ನೆ ರಾತ್ರಿ ಪಿಎಚ್‌ಪಿ 8ನ (ವೆಬ್‌ಸೈಟ್ ಬರೆಯೋ ಪ್ರೋಗ್ರಾಮಿಂಗ್ ಭಾಷೆ) ಸೋರ್ಸಿಂದ ಕಂಪೈಲ್ ಮಾಡೋಕೆ ಕೂತೆ, ಫೋಟೋ ಥಂಬ್‌ನೇಲ್‌ಗೆ ಜಿಡಿ, ಅಂದ್ರೆ ಚಿತ್ರಗಳ ಕೆಲಸ ಮಾಡೋ ಎಕ್ಸ್‌ಟೆನ್ಷನ್ ಬೇಕಿತ್ತು. ಏನೇನು ಸೇರಿಸ್ಬೇಕು ಅಂತ ಹೇಳೋ ಹಳೇ ಕಾನ್ಫಿಗರ್ ಲೈನನ್ನೇ ಪೇಸ್ಟ್ ಮಾಡ್ದೆ, 'ವಿತ್-ಜಿಡಿ', 'ವಿತ್-ಜೆಪೆಗ್-ಡಿರ್' ಎಲ್ಲಾ ಇತ್ತು, ಕಂಪೈಲ್ ಮಾಡೋ 'ಮೇಕ್' ಕಮಾಂಡ್ ಕೂಡ ಸಲೀಸಾಗಿ ಮುಗೀತು, ಆಮೇಲೆ ನೋಡಿದ್ರೆ ಜಿಡಿನೇ ಇಲ್ಲ! ಪಿಎಚ್‌ಪಿ 7.4ರಿಂದ ಆ ಆಪ್ಷನ್ ಹೆಸರುಗಳೇ ಬದಲಾಗಿವೆ, ಈಗ 'ಎನೇಬಲ್-ಜಿಡಿ', 'ವಿತ್-ಜೆಪೆಗ್' ಅನ್ಬೇಕು. ಗೊತ್ತಿಲ್ಲದ ಆಪ್ಷನ್ ಕೊಟ್ರೆ ಕಾನ್ಫಿಗರ್ ನಿಲ್ಲಲ್ಲ, ಒಂದು ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತೆ, ಅಷ್ಟುದ್ದ ಔಟ್‌ಪುಟ್‌ನಲ್ಲಿ ಅದನ್ನ ಯಾರು ನೋಡ್ತಾರೆ ಹೇಳಿ. ಹೊಸ ಹೆಸರು ಹಾಕಿ ಓಡಿಸಿದ್ರೆ, ಎರಡನೇ ಸಲ ಕಾನ್ಫಿಗರ್ ಲಿಬ್‌ಪಿಎನ್‌ಜಿ (ಪಿಎನ್‌ಜಿ ಚಿತ್ರಗಳ ಲೈಬ್ರರಿ) ಸಿಗ್ಲಿಲ್ಲ ಅಂತ ನಿಂತ್ಕೊಳ್ತು. ಉಬುಂಟುನಲ್ಲಿ ಬರೀ ಲೈಬ್ರರಿ ಇದ್ರೆ ಸಾಲಲ್ಲ, ಡೆವ್ ಪ್ಯಾಕೇಜೂ ಬೇಕು, ಕಂಪೈಲ್‌ಗೆ ಬೇಕಾದ ಹೆಡರ್ ಫೈಲ್ ಇರೋದು ಅದ್ರಲ್ಲೇ. ಅದನ್ನ ಹಾಕ್ಕೊಂಡು, 'ಮೇಕ್ ಕ್ಲೀನ್' ಕೊಟ್ಟು ಹಳೇ ಬಿಲ್ಡ್ ಅಳಿಸಿ ಮತ್ತೆ ಕಂಪೈಲ್‌ಗೆ ಬಿಟ್ಟೆ, ಅಷ್ಟರಲ್ಲಿ ಕಾಫಿ ಆರಿಹೋಗಿತ್ತು. ಈಗ ಜೆಪೆಗ್ ಓಡ್ತಿದೆ. ವೆಬ್‌ಪಿ ಅನ್ನೋ ಇನ್ನೊಂದು ಚಿತ್ರದ ಫಾರ್ಮ್ಯಾಟ್ ಮಾತ್ರ ಇಲ್ಲ, ಅದಕ್ಕೆ 'ವಿತ್-ವೆಬ್‌ಪಿ' ಬೇರೆ ಕೊಡ್ಬೇಕು, ನಾಳೆ ನೋಡೋಣ.