ಹನ್ನೊಂದು ಎಣಿಸುವಷ್ಟು ಹೊತ್ತು

ಮೊನ್ನೆ ಸರ್ಫಿಂಗ್ ಮಾಡುವಾಗ, ಅಂದರೆ ಬೋರ್ಡಿನ ಮೇಲೆ ನಿಂತು ಕಡಲಲೆಯಲ್ಲಿ ಜಾರುವಾಗ, ಅಲೆಯೊಂದು ನನ್ನನ್ನು ಮಗುಚಿ ನೀರಿನಡಿ ಒತ್ತಿ ಹಿಡಿಯಿತು. ಹಾಗೆ ಸಿಕ್ಕಿಕೊಂಡಾಗ ನಾನು ಎಣಿಸುತ್ತೇನೆ. ಎಣಿಕೆ ನಡೆಯುತ್ತಿದ್ದರೆ ಗಾಬರಿ ತಗ್ಗುತ್ತದೆ. ಹನ್ನೊಂದಕ್ಕೆ ತಲೆ ಹೊರಬಂತು. ಕಾಲಿಗೆ ಕಟ್ಟಿದ ಹಗ್ಗ ಜಗ್ಗಿ ಬೋರ್ಡನ್ನು ಹತ್ತಿರ ಎಳೆದುಕೊಂಡು, ಅದರ ಮೇಲೆ ಕೆನ್ನೆಯಿಟ್ಟು ಉಸಿರು ತುಂಬಿಕೊಂಡೆ.

ಅದಕ್ಕೂ ಅರ್ಧ ಗಂಟೆ ಮೊದಲು, ಅಲೆಗಾಗಿ ಕಾಯುತ್ತಿದ್ದ ಏಳು ಗಂಡಸರಲ್ಲಿ ಒಬ್ಬರು, "ಇವತ್ತಿನ ಅಲೆ ಹೆಂಗಸರಿಗೆ ಹೇಳಿದ್ದಲ್ಲ. ದಡದ ಕಡೆ ಚಿಕ್ಕವು ಬರುತ್ತಿವೆ ನೋಡಿ" ಎಂದಿದ್ದರು. ಕಾಳಜಿಯಿಂದಲೇ ಹೇಳಿದ್ದರು. ಅದಕ್ಕೇ ಹೆಚ್ಚು ಚುಚ್ಚಿತು.

ದೂರದ ಬಿರುಗಾಳಿಯಲ್ಲಿ ಹುಟ್ಟಿ ಸಾವಿರಾರು ಕಿಲೋಮೀಟರ್ ಸಾಗಿ ಬರುವ ಅಲೆ, ನೀರಿನ ಆಳ ತನ್ನ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಲ್ಲಿ ಮುಗ್ಗರಿಸಿ ಒಡೆಯುತ್ತದೆ. ತಳದ ಇಳಿಜಾರು, ಗಾಳಿಯ ದಿಕ್ಕು, ಭರತ–ಇಳಿತ ಎಲ್ಲವೂ ಆ ಲೆಕ್ಕದಲ್ಲಿವೆ. ಮೇಲೆ ನಿಂತ ಮೈ ಯಾರದ್ದೆಂಬುದು ಮಾತ್ರ ಇಲ್ಲ.

ಅದನ್ನು ಸೇರಿಸಿದವರು ಮನುಷ್ಯರು. ಹಳೆಯ ಹವಾಯಿಯಲ್ಲಿ ಹೆಂಗಸರೂ ಗಂಡಸರೂ ಅಲೆಗಳ ಮೇಲೆ ಆಡುತ್ತಿದ್ದರು. ಅವರ 'ಹೇಎ ನಲು' ಎಂಬ ಮಾತಿಗೆ ಅಲೆಯ ಮೇಲೆ ಜಾರುವುದೆಂದು ಅರ್ಥ. ಈಗ ನಾವು ಕೇಳುವ ಮಾತುಗಳು ಬೇರೆ: ಅಲೆಯನ್ನು ಪಳಗಿಸಿದ, ಮಣಿಸಿದ. ಪಳಗಿಸುವ ಕೆಲಸ ಎಂದ ಕೂಡಲೇ ಒಬ್ಬ ಗಂಡಸಿನ ಚಿತ್ರ ತಾನಾಗಿ ಬಂದು ನಿಲ್ಲುತ್ತದೆ. ಪೆಸಿಫಿಕ್ ಸಾಗರದ ಟಹೀಟಿ ದ್ವೀಪದ ತೆಅಹುಪೊದ ಅಲೆಗೆ ಸರ್ಫಿಂಗ್ ವಿಶ್ವ ಸರಣಿಯ ಮಹಿಳಾ ಸ್ಪರ್ಧೆ 2006ರ ಬಳಿಕ ಮರಳಿದ್ದು 2022ರಲ್ಲಿ. ಹದಿನಾರು ವರ್ಷ! ಆ ಅಲೆಯನ್ನು ಕನಸು ಕಂಡ ಎಷ್ಟು ಹುಡುಗಿಯರ ಹರೆಯವೇ ಅದರಲ್ಲಿ ಕಳೆದುಹೋಯಿತು.

ಬ್ರೆಜಿಲ್‌ನ ಸರ್ಫರ್ ಮಾಯಾ ಗಬೇರಾ 2013ರಲ್ಲಿ, ದೈತ್ಯ ಅಲೆಗಳಿಗೆ ಹೆಸರಾದ ಪೋರ್ಚುಗಲ್‌ನ ನಜಾರೆಯಲ್ಲಿ ಪ್ರಜ್ಞೆ ತಪ್ಪಿ ಮುಳುಗಿದ್ದರು. ಅವರಿಗೆ ಆ ಅಲೆಗೆ ಬೇಕಾದ ಯೋಗ್ಯತೆ ಇಲ್ಲವೆಂಬ ಟೀಕೆಯೂ ಬಂತು. ಬೆನ್ನಿನ ಶಸ್ತ್ರಚಿಕಿತ್ಸೆಗಳನ್ನು ದಾಟಿ ಅವರು ಅಲ್ಲಿಗೇ ಮರಳಿದರು, 2020ರಲ್ಲಿ 73.5 ಅಡಿಯ ಅಲೆ ಏರಿದರು. ಅವರ ಬಗ್ಗೆ ಓದುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಹೊಗಳಿಕೆಯ ವೇಷದ ಇನ್ನೊಂದು ಮಾತೂ ನನಗೆ ಒಗ್ಗುವುದಿಲ್ಲ: ಹೆಣ್ಣು ಪ್ರಕೃತಿಗೆ ಹತ್ತಿರ, ಅಲೆಯೊಡನೆ ನರ್ತಿಸುತ್ತಾಳೆ ಎನ್ನುವುದು. ನನ್ನ ಭುಜ ಗಟ್ಟಿಯಾದದ್ದು ವರ್ಷಗಟ್ಟಲೆ ಕೈಯಲ್ಲಿ ನೀರು ತಳ್ಳಿ. ಅಲೆಗಳು ಸಾಲುಸಾಲಾಗಿ ಬರುತ್ತವೆ; ಯಾವ ಸಾಲಿನ ಎಷ್ಟನೆಯ ಅಲೆ ದೊಡ್ಡದೆಂದು ತಿಳಿದದ್ದು ನೋಡುತ್ತ ಕುಳಿತು, ತಪ್ಪಿ, ಮತ್ತೆ ನೋಡಿ. ಕನ್ನಡದಲ್ಲಿ ಕಡಲನ್ನು 'ಅವನು', 'ಅವಳು' ಎನ್ನದೆ 'ಅದು' ಎನ್ನುತ್ತೇವೆ. ನೀರಿನಡಿ ಹನ್ನೊಂದು ಎಣಿಸುವಾಗ ನಾನೂ ಬರಿಯ ಉಸಿರಾಗಿದ್ದೆ.

ಆ ದಿನ ನನ್ನನ್ನು ಮಗುಚಿದ ಅದೇ ಸಾಲು, ಚಿಕ್ಕ ಅಲೆಗಳ ಕಡೆ ಹೋಗಲು ಹೇಳಿದ್ದ ಆ ಗಂಡಸನ್ನೂ ಮಗುಚಿತ್ತು. ಕೆಮ್ಮುತ್ತ ಬಂದು ಪಕ್ಕದಲ್ಲಿ ಕುಳಿತು, "ಎಷ್ಟು ಹೊತ್ತು ಒಳಗಿದ್ದಿರಿ?" ಎಂದು ಕೇಳಿದರು. ಹೇಳಿದೆ. "ನನಗೆ ಎಣಿಸಲು ತೋಚಲೇ ಇಲ್ಲ" ಎಂದರು. ಅಷ್ಟರಲ್ಲಿ ಮುಂದಿನ ಸಾಲು ಕಪ್ಪಾಗಿ ಎದ್ದಿತು. ಒಡೆಯುವ ತುದಿಗೆ ಯಾರು ಹತ್ತಿರವೋ ಆ ಅಲೆ ಅವರದ್ದು ಎನ್ನುವುದು ಸರ್ಫಿಂಗಿನ ನಿಯಮ. ಹತ್ತಿರ ನಾನಿದ್ದೆ. ಬೋರ್ಡ್ ತಿರುಗಿಸಿ ಹೊರಟೆ.