‘ಆಗ್ಲಿ ಬಿಡು, ಆಫ್ ಮಾಡಬ್ಯಾಡ’ ಅಂದವನು ನಾನೇ

2022ರ ಫೆಬ್ರವರಿ. ಬೆಳಿಗ್ಗೆ ಹನ್ನೊಂದರ ಸುಮಾರು. ಹುಬ್ಬಳ್ಳಿ ಕೊಪ್ಪಿಕರ್ ರಸ್ತೆಯ ಒಂದು ಅಂಗಡಿಯಲ್ಲಿ ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಬದಲಾಯಿಸುತ್ತಿದ್ದೆ. ಗದಗಿನ ಪ್ರೆಸ್‌ನಿಂದ ಫೋನ್ ಬಂತು. ನಮ್ಮ ಹಳೆಯ ಎಎಂಸಿ ಪಾರ್ಟಿ, ಅಂದರೆ ಕಂಪ್ಯೂಟರ್ ನೋಡಿಕೊಳ್ಳಲು ವರ್ಷದ ಕರಾರು ಮಾಡಿಕೊಂಡ ಮುದ್ರಣಾಲಯ. ಮಾತಾಡಿದ್ದು ಅಲ್ಲಿ ಕಂಪ್ಯೂಟರ್‌ನಲ್ಲಿ ಅಕ್ಷರ ಜೋಡಿಸುವ ಡಿಟಿಪಿ ಹುಡುಗ.

"ಸರ್ರ, ಸಿಸ್ಟಮ್ ಭಾಳ ಸ್ಲೋ ಆಗೇತ್ರಿ. ವಿಂಡೋಸ್ ಅಪ್‌ಡೇಟ್ ಅಂತ ಒಂದು ಬಾಕ್ಸ್ ಬಂದೈತಿ. ಬಂದ್ ಮಾಡ್ಲೇನ್ರಿ?"

"ಆಗ್ಲಿ ಬಿಡು, ಆಫ್ ಮಾಡಬ್ಯಾಡ. ಮುಗಿಯೂತನಾ ಕಾಯಿ."

ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನಿಜವಾದ ಅಪ್‌ಡೇಟ್ ಆಗಿದ್ದರೆ ಅದು ಸರಿಯಾದ ಮಾತೇ. ನಡುವೆ ಕರೆಂಟ್ ಕಿತ್ತರೆ ವಿಂಡೋಸ್ ಕೆಡಬಹುದು. ಆದರೆ ಅವತ್ತು ನಾನು ಒಂದು ಪ್ರಶ್ನೆ ಕೇಳಬೇಕಿತ್ತು. ಬಾಕ್ಸ್ ಹೇಗಿದೆ, ಒಂದು ಫೋಟೋ ಕಳಿಸು ಅನ್ನಬೇಕಿತ್ತು. ಕೇಳಲಿಲ್ಲ. ಫೋನನ್ನು ಜೇಬಿಗೆ ಹಾಕಿ ಮತ್ತೆ ಸ್ಕ್ರೂ ಬಿಗಿ ಮಾಡಲು ಕೂತೆ.

ನಲವತ್ತು ನಿಮಿಷ ಬಿಟ್ಟು ಮತ್ತೆ ಫೋನ್. ಈ ಸಲ ಹುಡುಗನ ದನಿ ಬೇರೆಯೇ ಇತ್ತು.

"ಸರ್ರ, ಫೈಲ್ ಒಂದೂ ಓಪನ್ ಆಗವಲ್ವು ರೀ. ಎಲ್ಲಾ ಫೈಲ್ ಹೆಸರಿನ ಕೊನಿಗೆ ಏನೋ ನಾಕ ಅಕ್ಷರ ಬಂದಾವು."

ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಕರೆಂಟ್ ತೆಗಿ, ಲ್ಯಾನ್ ವೈರ್ ಕೀಳು, ಹಾರ್ಡ್‌ಡಿಸ್ಕ್ ಕೀಳು ಅಂತ ಕೂಗಿದೆ. ಅಂಗಡಿಯವರೆಲ್ಲ ನನ್ನ ಕಡೆ ತಿರುಗಿ ನೋಡಿದರು.

ಹುಬ್ಬಳ್ಳಿಯಿಂದ ಗದಗಿಗೆ ಅರವತ್ತು ಕಿಲೋಮೀಟರ್ ಹತ್ತಿರ. ಅಣ್ಣಿಗೇರಿ ದಾಟುವವರೆಗೂ ಬೈಕ್ ಮೇಲೆ ತಲೆಯಲ್ಲಿ ಓಡುತ್ತಿದ್ದುದು ಒಂದೇ ಮಾತು. ಅದು ಅಪ್‌ಡೇಟ್ ಆಗಿರಲಿಲ್ಲ. ಅಪ್‌ಡೇಟ್‌ನ ಚಿತ್ರ ಮುಂದೆ ಇಟ್ಟುಕೊಂಡು ಹಿಂದೆ ಫೈಲ್‌ಗಳನ್ನು ಲಾಕ್ ಮಾಡುತ್ತಿತ್ತು. ಸ್ಟಾಪ್ ಅಥವಾ ಡಿಜೆವಿಯು ಅಂತ ಕರೆಯುವ, ಫೈಲ್ ಲಾಕ್ ಮಾಡಿ ಬಿಡಿಸಲು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಮಾಡುವುದೇ ಹೀಗೆ. ಡಿಸ್ಕ್ ಗರಗರ ಅಂದರೆ ಯಾರಿಗೂ ಅನುಮಾನ ಬರಬಾರದು ಅಂತಲೇ ಆ ಬಾಕ್ಸ್ ತೋರಿಸುತ್ತದೆ. ಮೊದಲ ಫೋನಿನಲ್ಲೇ ‘ಕರೆಂಟ್ ತೆಗಿ’ ಅಂದಿದ್ದರೆ ಅರ್ಧ ಕೆಲಸವಾದರೂ ಉಳಿಯುತ್ತಿತ್ತು. ನಾನು ಅದಕ್ಕೆ ನಲವತ್ತು ನಿಮಿಷ ಪುರುಸೊತ್ತು ಕೊಟ್ಟಿದ್ದೆ.

ಪ್ರೆಸ್ ಮುಟ್ಟಿದಾಗ ಆಫ್‌ಸೆಟ್ ಮಷಿನ್ ನಿಂತಿತ್ತು. ಅಲ್ಲಿ ಆ ಸದ್ದು ಇಲ್ಲದ್ದನ್ನು ನಾನು ಹಿಂದೆ ಕೇಳಿದ್ದೇ ಇಲ್ಲ. ಲಗ್ನದ ಸೀಸನ್ ಬೇರೆ. ಹದಿನೇಳು ಲಗ್ನಪತ್ರಿಕೆ ಡಿಟಿಪಿಯಲ್ಲಿದ್ದವು. ಕೆಲವಕ್ಕೆ ಅಚ್ಚಿನ ಪ್ಲೇಟ್ ಕೂಡ ಆಗಿರಲಿಲ್ಲ. ಮಾಲಕರು ಕುರ್ಚಿಯಲ್ಲಿ ಕೂತಿದ್ದರು. ಅವರನ್ನು ನಾನು ಕಾಕಾ ಅಂತಲೇ ಕರೆಯುವುದು. ಚಹಾ ತರಿಸಿದರು. ಆಮೇಲೆ ಮೆಲ್ಲಗೆ ಕೇಳಿದರು.

"ತಮ್ಮಾ, ನೀ ಹಾಕಿದ ಆಂಟಿವೈರಸ್ ಇತ್ತಲ್ಲೋ? ಅದು ಏನ್ ಮಾಡಾಕತ್ತಿತ್ತು?"

ಆ ಚಹಾ ಕುಡಿಯಲು ನನ್ನಿಂದ ಆಗಲಿಲ್ಲ.

ಕಂಪ್ಯೂಟರ್‌ಗೆ ಬೇರೆ ಡಿಸ್ಕ್ ಹಚ್ಚಿ ಶುರು ಮಾಡಿ ನೋಡಿದೆ. ಪ್ರತಿ ಫೋಲ್ಡರ್‌ನಲ್ಲೂ ರೀಡ್‌ಮಿ ಅಂತ ಒಂದು ಸಣ್ಣ ಫೈಲ್. 980 ಡಾಲರ್ ಕೊಡಿ, 72 ಗಂಟೆಯೊಳಗೆ ಸಂಪರ್ಕ ಮಾಡಿದರೆ ಅರ್ಧ, ಅಂದರೆ 490 ಡಾಲರ್. ಆಗಿನ ರೇಟಿಗೆ 36,000 ರೂಪಾಯಿಗೂ ಜಾಸ್ತಿ. ಅದೇ ಫೈಲ್‌ನ ಕೊನೆಯಲ್ಲಿ ಪರ್ಸನಲ್ ಐಡಿ ಅಂತ ಉದ್ದನೆಯ ಅಕ್ಷರಗಳ ಸಾಲು. ನಮಗೆ ಬೇಕಿದ್ದುದು ಅದರ ಕೊನೆಯ ಎರಡು ಅಕ್ಷರ ಮಾತ್ರ.

ಕಾರಣ ಇದೆ. ಈ ರ‍್ಯಾನ್ಸಮ್‌ವೇರ್ ಕೆಲಸ ಶುರು ಮಾಡುವಾಗ ತನ್ನ ಸರ್ವರ್‌ಗೆ ಹೋಗಿ ಒಂದು ಕೀ ಕೇಳುತ್ತದೆ. ನೆಟ್ ಸಿಗದಿದ್ದರೆ ಅಥವಾ ಸರ್ವರ್ ಉತ್ತರ ಕೊಡದಿದ್ದರೆ ತನ್ನೊಳಗೇ ಇರುವ ಒಂದೇ ಕೀ ಬಳಸುತ್ತದೆ. ಅದಕ್ಕೆ ಆಫ್‌ಲೈನ್ ಕೀ ಅಂತಾರೆ. ಆ ತಳಿಗೆ ಸಿಕ್ಕಿದವರಲ್ಲಿ ಯಾರಾದರೂ ಒಬ್ಬರಿಗೆ ಆ ಕೀ ಗೊತ್ತಾದರೆ ಉಳಿದವರ ಫೈಲೂ ತೆರೆಯಬಹುದು. ಆಂಟಿವೈರಸ್ ಕಂಪನಿ ಎಮ್ಸಿಸಾಫ್ಟ್‌ನವರು 2019ರಲ್ಲಿ ಬಿಟ್ಟ, ಲಾಕ್ ಆದ ಫೈಲ್ ತೆರೆಯುವ ಉಚಿತ ಡಿಕ್ರಿಪ್ಟರ್ ಇಂಥ ಕೀಗಳಿಂದಲೇ ಕೆಲಸ ಮಾಡುತ್ತದೆ. ಐಡಿ ‘ಟಿ1’ ಅಂತ ಮುಗಿದರೆ ಆಫ್‌ಲೈನ್. ಬೇರೆ ಏನಾದರೂ ಇದ್ದರೆ ಸರ್ವರ್ ನಿಮಗೇ ಮಾಡಿದ ಆನ್‌ಲೈನ್ ಕೀ, ಅದು ಅವರ ಬಳಿ ಮಾತ್ರ.

ಸಾಲನ್ನು ಬಲಕ್ಕೆ ಸರಿಸುತ್ತಾ ಹೋದೆ. ಹುಡುಗ ಹೆಗಲ ಹಿಂದೆ ನಿಂತಿದ್ದ. ಅವನ ಉಸಿರು ಕೇಳುತ್ತಿತ್ತು. ಕೊನೆಯ ಎರಡು ಅಕ್ಷರ ‘ಟಿ1’ ಆಗಿರಲಿಲ್ಲ. ಕಣ್ಣು ತಪ್ಪಿತೇನೋ ಅಂತ ಮೂರು ಸಲ ಓದಿದೆ.

ಇನ್ನು ಬ್ಯಾಕಪ್. ಒಂದು ಟಿಬಿ ಹಾರ್ಡ್‌ಡಿಸ್ಕ್ ನಾನೇ ಕೊಡಿಸಿದ್ದೆ. ಯಾವಾಗಲೂ ಸಿಕ್ಕಿಸಿಯೇ ಇರಲಿ, ಕಾಪಿ ಮಾಡೋದು ಮರೆಯೋದಿಲ್ಲ ಅಂತ ನಾನೇ ಹೇಳಿದ್ದೆ. ಸಿಕ್ಕಿಸಿಯೇ ಇತ್ತು. ಅದರಲ್ಲಿದ್ದ ನಾಲ್ಕು ವರ್ಷದ ಕೆಲಸವೂ ಲಾಕ್ ಆಗಿತ್ತು. ಲ್ಯಾನ್ ವೈರ್ ಕಿತ್ತಿದ್ದರಿಂದ ಲೆಕ್ಕದ ಟ್ಯಾಲಿ ಇದ್ದ ಎರಡನೇ ಸಿಸ್ಟಮ್ ಮಾತ್ರ ಉಳಿದಿತ್ತು.

ಸಂಜೆ ಹುಡುಗನನ್ನು ಹೊರಗೆ ಕರೆದುಕೊಂಡು ಹೋಗಿ ಕೇಳಿದೆ. ಬೈಯಲಿಲ್ಲ. ಗಿರಾಕಿ ಒಬ್ಬರು ತಂದ ಸಿಡಿಆರ್ ಫೈಲ್ ಹೊಸ ವರ್ಶನ್‌ದು, ಇವರ ಹಳೆಯ ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ಡ್ರಾದಲ್ಲಿ ತೆರೆಯುತ್ತಿರಲಿಲ್ಲ. ಗಿರಾಕಿ ಎದುರಿಗೇ ಕೂತಿದ್ದರು. ಗಡಿಬಿಡಿಯಲ್ಲಿ ನೆಟ್‌ನಿಂದ ಹೊಸ ವರ್ಶನ್‌ನ ಕ್ರ್ಯಾಕ್, ಅಂದರೆ ಲೈಸೆನ್ಸ್ ಇಲ್ಲದೆ ಓಡುವ ಕಳ್ಳ ಕಾಪಿ, ಇಳಿಸಿದ್ದಾನೆ. ಆಂಟಿವೈರಸ್ ತಡೆದಿದೆ. ಕೆಂಪು ಬಾಕ್ಸ್ ತೋರಿಸಿದೆ. ಅದರ ಕೆಲಸ ಅದು ಮಾಡಿದೆ. ಆದರೆ ಡೌನ್‌ಲೋಡ್ ಪುಟದಲ್ಲಿ ‘ಮೊದಲು ಆಂಟಿವೈರಸ್ ಬಂದ್ ಮಾಡಿ’ ಅಂತ ಬರೆದಿತ್ತು.

"ನೀವ ಹೇಳಿದ್ರಲ್ರಿ ಸರ್ರ, ಅಡ್ಡ ಬಂದ್ರ ಹತ್ತು ನಿಮಿಷ ಬಂದ್ ಮಾಡು ಅಂತ."

ಹೌದು, ಹೇಳಿದ್ದೆ. ಆರು ತಿಂಗಳ ಹಿಂದೆ ಪ್ರಿಂಟರ್ ಡ್ರೈವರ್ ಹಾಕುವಾಗ ಆಂಟಿವೈರಸ್ ತಡೆಯುತ್ತಿತ್ತು. ಗದಗಿಗೆ ಬರೋದು ತಪ್ಪಲಿ ಅಂತ ಫೋನಿನಲ್ಲೇ ಕಲಿಸಿದ್ದೆ. ಗಡಿಯಾರದ ಹತ್ತಿರದ ಐಕಾನ್ ಮೇಲೆ ರೈಟ್ ಕ್ಲಿಕ್, ಡಿಸೇಬಲ್, ಹತ್ತು ನಿಮಿಷ. ನನ್ನ ಲೆಕ್ಕದಲ್ಲಿ ಅದು ಆ ಡ್ರೈವರ್‌ಗೆ ಮಾತ್ರ. ಅವನ ಲೆಕ್ಕದಲ್ಲಿ ಕೆಂಪು ಬಾಕ್ಸ್ ಬಂದರೆ ಹೀಗೆ ಮಾಡಬೇಕು ಅನ್ನೋ ಪಾಠ. ಅವನದು ತಪ್ಪು ಅಂತ ನನಗೆ ಇವತ್ತಿಗೂ ಅನಿಸಿಲ್ಲ.

ಒಳಗೆ ಹೋಗಿ ಕಾಕಾಗೆ ಎಲ್ಲ ಹೇಳಿದೆ. ದುಡ್ಡು ಕೊಡಬೇಡಿ, ಕೊಟ್ಟರೂ ಫೈಲ್ ಬರುತ್ತವೆ ಅನ್ನೋ ಖಾತ್ರಿ ಇಲ್ಲ ಅಂದೆ. ಈ ಕ್ರ್ಯಾಕ್‌ಗಳ ಜೊತೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮ್‌ಗಳೂ ಬರುತ್ತವೆ. ಅದಕ್ಕೇ ಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಆಗಿಂದಾಗಲೇ ಬೇರೆ ಸಿಸ್ಟಮ್‌ನಿಂದ ಬದಲಾಯಿಸಿದೆವು. ಆಮೇಲೆ ಒಂಬತ್ತು ರಾತ್ರಿ ಕೂತೆವು. ಗಿರಾಕಿಗಳಿಗೆ ವಾಟ್ಸಾಪ್‌ನಲ್ಲಿ ಕಳಿಸಿದ ಪ್ರೂಫ್‌ಗಳು ಹುಡುಗನ ಫೋನಿನಲ್ಲಿದ್ದವು. ಪ್ಲೇಟ್ ಮಾಡಿಸಲು ಕಳಿಸಿದ ಪಿಡಿಎಫ್‌ಗಳು ಮೇಲ್‌ನ ಸೆಂಟ್ ಬಾಕ್ಸ್‌ನಲ್ಲಿದ್ದವು. ಅವನ್ನು ನೋಡಿ ಅವನು ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡುತ್ತಿದ್ದ, ನಾನು ಹೆಸರು ಓದಿ ಹೇಳುತ್ತಿದ್ದೆ. ಲಗ್ನಪತ್ರಿಕೆಯಲ್ಲಿ ಒಂದು ಹೆಸರು ತಪ್ಪಿದರೂ ಮನೆಯಲ್ಲಿ ಜಗಳ ಆಗುತ್ತದೆ ಅಲ್ವಾ. ಅಜ್ಜ, ಅಜ್ಜಿ, ಸೋದರಮಾವ, ಊರು, ಮನೆತನ. ಹದಿನೇಳೂ ಮುಗಿದವು. ನಾಲ್ಕು ವರ್ಷದ ಹಳೆಯ ಡಿಸೈನ್‌ಗಳು ಮಾತ್ರ ಹೋದವು.

ಇನ್ನು ನಮ್ಮ ಕಡೆಯ ಮಾತು. ಪ್ರತಿ ಹೊಸ ಸಿಸ್ಟಮ್ ಜೊತೆ ಒಂದು ಆಂಟಿವೈರಸ್ ಡಬ್ಬಿ ಹೋಗಲೇಬೇಕು ಅನ್ನೋದು ನಮ್ಮ ಸಾಹೇಬರ ನಿಯಮ. ಶನಿವಾರದ ಮೀಟಿಂಗ್‌ನಲ್ಲಿ ಎಷ್ಟು ಡಬ್ಬಿ ಅಂತ ಕೇಳುತ್ತಿದ್ದರು. ಎಷ್ಟು ಜನರ ಬ್ಯಾಕಪ್ ತೆರೆದು ನೋಡಿದಿರಿ ಅಂತ ಒಮ್ಮೆಯೂ ಕೇಳಲಿಲ್ಲ. ಡಬ್ಬಿ ಕೊಡುವಾಗ ‘ಇನ್ನು ನಿಶ್ಚಿಂತಿ ಇರ್ರಿ’ ಅನ್ನುತ್ತಿದ್ದೆವು. ಆ ಮಾತೇ ದೊಡ್ಡ ಹಾನಿ ಮಾಡಿತು. ರಿನ್ಯೂವಲ್ ಮಾಡಿ ಅಂತ ದಿನಾ ಬರುವ ಪಾಪ್‌ಅಪ್‌ಗಳದ್ದು ಇನ್ನೊಂದು ಕಥೆ. ಓದದೆ ಮುಚ್ಚೋದನ್ನು ಜನರಿಗೆ ಅಭ್ಯಾಸ ಮಾಡಿಸಿದ್ದೇ ಅವು.

ಈಗ ಮನೆಗೆ ಕಂಪ್ಯೂಟರ್ ತಗೊಳ್ಳುವವರು ಆಂಟಿವೈರಸ್ ಬೇಕಾ ಅಂತ ಕೇಳಿದರೆ ನಾನು ನೇರವಾಗಿ ಹೇಳುತ್ತೇನೆ: ದುಡ್ಡು ಕೊಟ್ಟು ಬೇಡ. ಎಕ್ಸ್‌ಪಿ ಕಾಲ ಬೇರೆ ಇತ್ತು. ಪೆನ್‌ಡ್ರೈವ್ ಸಿಕ್ಕಿಸಿದರೆ ಸಾಕು, ಆಟೋರನ್‌ನಿಂದ ವೈರಸ್ ಒಳಗೆ ಬರುತ್ತಿತ್ತು. ಆ ಬಾಗಿಲನ್ನು ಮೈಕ್ರೋಸಾಫ್ಟ್ ವಿಂಡೋಸ್ 7ರಲ್ಲಿ ಮುಚ್ಚಿತು, 2011ರಲ್ಲಿ ಹಳೆಯ ವಿಂಡೋಸ್‌ಗಳಿಗೂ ಮುಚ್ಚುವ ಅಪ್‌ಡೇಟ್ ಕಳಿಸಿತು. 2012ರಲ್ಲಿ ಬಂದ ವಿಂಡೋಸ್ 8ರಿಂದ ಡಿಫೆಂಡರ್ ಅನ್ನೋ ಪೂರ್ತಿ ಆಂಟಿವೈರಸ್ ಒಳಗೇ ಇರುತ್ತದೆ. ಜರ್ಮನಿಯ ಎವಿ-ಟೆಸ್ಟ್ ಲ್ಯಾಬ್‌ನ ಪರೀಕ್ಷೆಗಳಲ್ಲಿ ರಕ್ಷಣೆಗೆ 6ಕ್ಕೆ 6 ಅಂಕವನ್ನು ಅದು ಹಲವು ಸಲ ತಗೊಂಡಿದೆ. ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ತಾನೇ ಪಕ್ಕಕ್ಕೆ ಸರಿಯುತ್ತದೆ. ಅಂದರೆ ಇರುವ ಕಾವಲುಗಾರನನ್ನು ಕೂರಿಸಿ ಇನ್ನೊಬ್ಬನಿಗೆ ಸಂಬಳ ಕೊಟ್ಟ ಹಾಗೆ.

ಡಿಫೆಂಡರ್ ಜೊತೆ ಇನ್ನೊಂದು ಇದೆ. ಅದು ಆವತ್ತು ನನಗೆ ಗೊತ್ತಿದ್ದೂ ಲಕ್ಷ್ಯ ಕೊಟ್ಟಿರಲಿಲ್ಲ. ವಿಂಡೋಸ್ ಸೆಕ್ಯುರಿಟಿಯ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್‌ನಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಅಂತ ಇರುತ್ತದೆ. ಗುರುತಿಲ್ಲದ ಪ್ರೋಗ್ರಾಮ್ ನಿಮ್ಮ ಫೋಲ್ಡರ್‌ನಲ್ಲಿ ಬರೆಯಲು ಹೋದರೆ ತಡೆಯುತ್ತದೆ. 2017ರಿಂದ ವಿಂಡೋಸ್ 10ರಲ್ಲಿದೆ, ಆದರೆ ನಾವೇ ಆನ್ ಮಾಡಬೇಕು. ಡಿಫೆಂಡರ್ ಪಕ್ಕಕ್ಕೆ ಸರಿದಿದ್ದರೆ ಇದು ಕೆಲಸ ಮಾಡುವುದಿಲ್ಲ. ಪ್ರೆಸ್‌ನ ಆ ಸಿಸ್ಟಮ್‌ನಲ್ಲಿ ನಮ್ಮ ಡಬ್ಬಿಯಿಂದಾಗಿ ಅದು ಸರಿದೇ ಇತ್ತು. ಆನ್ ಮಾಡಿದರೆ ಒಮ್ಮೊಮ್ಮೆ ಒಳ್ಳೆಯ ಸಾಫ್ಟ್‌ವೇರ್‌ನ ಸೇವ್‌ಗೂ ಅಡ್ಡ ಬರುತ್ತದೆ, ಒಂದು ಸಲ ಅಲೋ ಮಾಡಬೇಕು. ಆ ಕಿರಿಕಿರಿಯನ್ನು ನಾನು ಸಂತೋಷದಿಂದ ತಗೊಳ್ಳುತ್ತೇನೆ.

ಅಪ್‌ಡೇಟ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಜೋರು. 2017ರ ಮೇ 12ರಂದು ವಾನ್ನಾಕ್ರೈ ಅನ್ನೋ ರ‍್ಯಾನ್ಸಮ್‌ವೇರ್ ಜಗತ್ತಿನ ತುಂಬ ಹಬ್ಬಿತು. ಅದು ನುಗ್ಗಿದ ವಿಂಡೋಸ್‌ನ ತೂತಿಗೆ ಪ್ಯಾಚ್, ಅಂದರೆ ಅದನ್ನು ಮುಚ್ಚುವ ಅಪ್‌ಡೇಟ್, ಮಾರ್ಚ್ 14ಕ್ಕೇ ಬಂದಿತ್ತು. ಎರಡು ತಿಂಗಳು ಸಮಯ ಇತ್ತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯದರ ಮೇಲೆ ಎಷ್ಟು ದುಬಾರಿ ಆಂಟಿವೈರಸ್ ಹಾಕಿದರೂ ಅಂಥ ತೂತು ಮುಚ್ಚುವುದಿಲ್ಲ.

ಈಗ ಗದಗಿನ ಪ್ರೆಸ್‌ನಲ್ಲಿ ಎರಡು ಹಾರ್ಡ್‌ಡಿಸ್ಕ್ ಇವೆ. ಶನಿವಾರ ಸಂಜೆ ಒಂದನ್ನು ಸಿಕ್ಕಿಸಿ, ಕಾಪಿ ಮುಗಿದ ಕೂಡಲೇ ಕಿತ್ತು ತಿಜೋರಿಯಲ್ಲಿ ಇಡುತ್ತಾರೆ. ಇನ್ನೊಂದು ಕಾಕಾ ಮನೆಯಲ್ಲಿ. ಕೋರೆಲ್‌ಡ್ರಾಗೆ ಲೈಸೆನ್ಸ್ ತಗೊಂಡರು. ಹುಡುಗ ಈಗ ಏನೇ ಬಾಕ್ಸ್ ಬಂದರೂ ಮೊದಲು ಫೋಟೋ ಕಳಿಸುತ್ತಾನೆ. ರಾತ್ರಿ ಹತ್ತಕ್ಕೆ ಬಂದರೂ ನೋಡುತ್ತೇನೆ.

ಲಾಕ್ ಆದ ಆ ಹಳೆಯ ಡಿಸ್ಕ್ ನನ್ನ ಮನೆಯ ಕಪಾಟಿನಲ್ಲಿದೆ. ಆನ್‌ಲೈನ್ ಕೀ ಆದ್ದರಿಂದ ಆಸೆ ಕಡಿಮೆ. ಆದರೂ ವರ್ಷಕ್ಕೆ ಎರಡು ಸಲ ಹೊರಗೆ ತೆಗೆದು, ನೆಟ್ ಇಲ್ಲದ ಸಿಸ್ಟಮ್‌ಗೆ ಹಚ್ಚಿ, ಯಾರಾದರೂ ಹೊಸ ಡಿಕ್ರಿಪ್ಟರ್ ಬಿಟ್ಟಿದ್ದರೆ ಒಂದು ಫೈಲ್ ಮೇಲೆ ಪ್ರಯತ್ನ ಮಾಡುತ್ತೇನೆ. ಕಳೆದ ಸಲವೂ ತೆರೆಯಲಿಲ್ಲ. ಮತ್ತೆ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟಿದ್ದೇನೆ.