ಹಾಸು ಯಾವುದು, ಹೊಕ್ಕು ಯಾವುದು?

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಆಷಾಢದ ಮಳೆ ಹೆಂಚಿನ ಮೇಲೆ ಬಿಡುವಿಲ್ಲದೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ, ನಮ್ಮ ಕನ್ನಡ ಮೇಷ್ಟ್ರು ನನ್ನ ಪ್ರಬಂಧದಿಂದ ‘ಕೊಡಗಿನವರ ಬದುಕಿನಲ್ಲಿ ಮಳೆ ಹಾಸುಹೊಕ್ಕಾಗಿದೆ’ ಎಂಬ ವಾಕ್ಯವನ್ನು ಗಟ್ಟಿಯಾಗಿ ಓದಿ, ‘ಇದರಲ್ಲಿ ಹಾಸು ಯಾವುದು, ಹೊಕ್ಕು ಯಾವುದು?’ ಎಂದು ಕೇಳಿದರು. ನನಗೆ ಉತ್ತರ ತಿಳಿದಿರಲಿಲ್ಲ. ಕಾಫಿ, ಏಲಕ್ಕಿ, ಭತ್ತಗಳ ನಡುವೆ ಬೆಳೆದ ನಮ್ಮ ಸೋಮವಾರಪೇಟೆ ಕಡೆಯ ಆ ತರಗತಿಯಲ್ಲಿ ಮಗ್ಗವನ್ನು ಹತ್ತಿರದಿಂದ ಕಂಡವರು ಒಬ್ಬರೂ ಇರಲಿಲ್ಲ.

ಮರುದಿನ ಅವರು ಚೀಲದಿಂದ ಒಂದು ಹಳೆಯ ಲಾಳಿಯನ್ನು ತೆಗೆದು ನಮ್ಮ ಕೈಗೆ ಕೊಟ್ಟರು. ಅದು ದೋಣಿಯಾಕಾರದ, ಎರಡೂ ತುದಿಗೆ ಲೋಹದ ಮೊನೆಯಿದ್ದ, ಎಷ್ಟೋ ಕೈಗಳು ಸವೆಸಿ ನುಣುಪಾಗಿಸಿದ್ದ ಮರ. ಅದರ ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆಯಿತ್ತು, ಪಕ್ಕದ ಪುಟ್ಟ ಕಣ್ಣಿನಿಂದ ಎಳೆಯೊಂದು ಹೊರಗೆ ಇಣುಕುತ್ತಿತ್ತು. ಮಗ್ಗದ ಈ ಕೊನೆಯಿಂದ ಆ ಕೊನೆಗೆ ಅದು ದಿನವಿಡೀ ಓಡುವುದನ್ನು ಅವರು ಕೈಯಾಡಿಸಿ ತೋರಿಸಿದಾಗ, ಅಡುಗೆಮನೆಗೂ ಕಣಕ್ಕೂ ‘ಲಾಳಿಯ ಹಾಗೆ ಓಡಾಡಿ ಸಾಕಾಯಿತು’ ಎನ್ನುತ್ತಿದ್ದ ಅಜ್ಜಿಯ ಮಾತು ನನಗೆ ಮೊದಲ ಬಾರಿಗೆ ಕಣ್ಣಿಗೆ ಕಂಡಿತು.

ಆಮೇಲೆ ಒಡೆದ ಸ್ಲೇಟಿನ ಚೌಕಟ್ಟಿಗೆ ಉದ್ದಕ್ಕೂ ದಾರ ಬಿಗಿದು, ಮೊದಲೇ ಹಾಸಿಕೊಳ್ಳುವುದರಿಂದ ಇದು ಹಾಸು ಎಂದರು. ಇನ್ನೊಂದು ದಾರವನ್ನು ಅಡ್ಡಡ್ಡವಾಗಿ, ಒಂದು ಎಳೆಯ ಮೇಲೆ, ಮತ್ತೊಂದರ ಕೆಳಗೆ ನುಸುಳಿಸುತ್ತಾ, ಒಳಹೊಗುವುದರಿಂದ ಇದು ಹೊಕ್ಕು ಎಂದರು. ಮಗ್ಗದಲ್ಲಿ ಹಣಿಗೆ ಮಾಡುವ ಕೆಲಸವನ್ನು ಅವರು ಜೇಬಿನ ಬಾಚಣಿಗೆಯಿಂದ ಮಾಡಿ ಎಳೆಗಳನ್ನು ಒತ್ತಿ ಕೂರಿಸಿದರು. ‘ಎಳೆಎಳೆಯಾಗಿ ಬಿಡಿಸಿ ಹೇಳು’ ಎಂಬ ಮಾತಿಗೆ ಅವರು ವಿವರಣೆಯನ್ನೇ ಕೊಡಲಿಲ್ಲ, ಚೌಕಟ್ಟಿನ ನೇಯ್ಗೆಯನ್ನು ನಮ್ಮಿಂದಲೇ ಬಿಚ್ಚಿಸಿದರು. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯಲ್ಲಿ ಎಲ್ಲರೂ ತಾಯಿಮಗಳನ್ನು ಮಾತ್ರ ನೋಡುತ್ತಾರೆ, ನೂಲಿನ ಕುಂದನ್ನು ಯಾವ ನೇಕಾರನೂ ಮುಚ್ಚಲಾರ ಎಂಬ ಕಸುಬಿನ ಅನುಭವವನ್ನು ಮರೆಯುತ್ತಾರೆ ಎಂದು ಅವರು ಹೇಳಿದ್ದು ಇಂದಿಗೂ ನನಗೆ ಸರಿಯೆನಿಸುತ್ತದೆ. 12ನೆಯ ಶತಮಾನದ ಕದಿರ ರೆಮ್ಮವ್ವೆ ತನ್ನ ನೂಲುವ ಕಸುಬಿನ ಕದಿರನ್ನು ಹೆಸರಿನಲ್ಲಿಯೂ ಅಂಕಿತದಲ್ಲಿಯೂ ಉಳಿಸಿಕೊಂಡ ವಚನಕಾರ್ತಿಯೆಂದು ತಿಳಿದದ್ದೂ ಅಂದೇ.

ಆ ಸಂಜೆ ನಾನು ವಾಕ್ಯವನ್ನು ತಿದ್ದಿ, ‘ಕೊಡಗಿನಲ್ಲಿ ಮಳೆಯೇ ಹಾಸು; ಕಾಫಿಯ ಹೂವು, ಗದ್ದೆಯ ನಾಟಿ, ಹುತ್ತರಿ ಎಲ್ಲವೂ ಅದರೊಳಗಿನ ಹೊಕ್ಕು’ ಎಂದು ಬರೆದೆ. ಮೇಷ್ಟ್ರು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು, ಪುಸ್ತಕವನ್ನು ಪಕ್ಕದ ಹುಡುಗನಿಗೆ ಓದಲು ಕೊಟ್ಟರು.